ನಿನ್ನ ಫೋಟೋದ ಕೆಳಗೆ ಆಂಟೋನಿಯೋ

ವಸಂತಪುರ
ಬುಧವಾರ ಬೆಳಿಗ್ಗೆ

ಶಿವಬಸಮ್ಮ,

ಶರಣು. ‘ಇಲ್ಲಿ ನಾನು ಕ್ಷೇಮ’ ಎಂದು ಮೊದಲ ಸಾಲಿನಲ್ಲೇ ಬರೆಯುವ ಧೈರ್ಯ ನನಗಿಲ್ಲ. ಕಾಗದ ಪೂರ್ತಿ ಓದಿದ ಮೇಲೆ ನಾನು ಕ್ಷೇಮವಾಗಿರಬೇಕೋ ಬೇಡವೋ ಎಂಬುದನ್ನು ನೀನೇ ತೀರ್ಮಾನಿಸು. ಕೂಸಿಗೆ ಎಣ್ಣೆ ನೀರು ಹಾಕಿ ಮಲಗಿಸಿ, ಶಿಲ್ಪಶ್ರೀಗೆ ಊಟ ಬಡಿಸಿ, ಕೈ ಒರೆಸಿಕೊಂಡು ಒಂದು ಕಡೆ ಕುಳಿತು ಓದು. ನಿಂತುಕೊಂಡು ಓದಬೇಡ. ಅಳಿಯಂದಿರ ಕೈಯಲ್ಲಿ ಓದಿಸಲೂ ಬೇಡ. ಅವರು ನನ್ನನ್ನು ಇನ್ನೂ ಬುದ್ಧಿವಂತನೆಂದು ನಂಬಿದ್ದಾರೆ.

ನೀನು ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೊರಡುವ ಹಿಂದಿನ ದಿನ, ನೀನು ರೊಟ್ಟಿ ಕೊಡುವ ಇಪ್ಪತ್ತಾರು ಮನೆಗಳಿಗೂ ಫೋನ್ ಮಾಡಿ ‘ಮೂರು ತಿಂಗಳು ರೊಟ್ಟಿ ಇರೂದಿಲ್ರಿ’ ಎಂದು ಹೇಳಿದೆಯಲ್ಲ, ಕೊನೆಯ ಫೋನ್ ಇಟ್ಟ ಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತೆ. ‘ಇವರೆಲ್ಲಾ ನನ್ನ ಮರತು ಬಿಡ್ತಾರ’ ಎಂದೆ. ನಾನು ಪೇಪರಿನಿಂದ ತಲೆ ಎತ್ತದೆ ‘ಮರೆತರೆ ಮರೀಲಿ ಬಿಡು’ ಎಂದೆ. ನೀನು ಹೋದ ಎರಡನೇ ದಿನಕ್ಕೇ ಆ ಮಾತು ನನಗೆ ಚುಚ್ಚತೊಡಗಿತು. ಬೆಳಗಾದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಲ್ಲ. ಹಾಲಿನವನೂ ಗೇಟಿನಲ್ಲಿ ಒಂದು ಕ್ಷಣ ನಿಂತು, ಮನೆ ತಪ್ಪಿತೇನೋ ಎಂಬಂತೆ ನೋಡಿ ಹೋಗುತ್ತಿದ್ದ. ನೀನು ವಾಪಸು ಬರುವಷ್ಟರಲ್ಲಿ ನಿನ್ನ ಹೆಸರಿನಲ್ಲಿ ಒಂದು ವೆಬ್‌ಸೈಟು ಇರಬೇಕು, ಇಪ್ಪತ್ತಾರಲ್ಲ, ಇಡೀ ಬೆಂಗಳೂರು ದಕ್ಷಿಣವೇ ನಿನ್ನನ್ನು ನೆನಪಿಟ್ಟುಕೊಳ್ಳಬೇಕು ಎಂದು ಅಂದೇ ನಿಶ್ಚಯಿಸಿದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಅದು ಎಷ್ಟು ಸರಿಯಾದ ಮಾತಾಗಿರುತ್ತಿತ್ತು ಎಂಬುದು ಈಗ ಗೊತ್ತಾಗಿದೆ.

ಎದುರುಮನೆಯ ಮುನಿಲಕ್ಷ್ಮಮ್ಮನವರಿಗೆ ಮಾತ್ರ ಖುಷಿ ತಡೆಯಲಾರದೆ ಹೇಳಿದೆ. ‘ಸೈಟ್ ತಗೊಂಡೆ ಕಣ್ರೀ’ ಎಂದೆ. ಆ ಹೆಂಗಸು ಈ ಊರಿನ ಹಳೇ ಕುಳ. ಹೊಲ ಹೋಗಿ ಆರು ಬಾಡಿಗೆ ಮನೆ ಆದದ್ದನ್ನು ಕಣ್ಣಾರೆ ಕಂಡವರು. ‘ಎಲ್ಲಿ ಸ್ವಾಮಿ? ಗೊಟ್ಟಿಗೆರೆ ಕಡೇನಾ? ಮೂವತ್ತು ನಲವತ್ತಾ? ಎ ಖಾತಾನಾ, ಬಿ ಖಾತಾನಾ?’ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಇದು ನೆಲದ ಮೇಲಿರುವ ಸೈಟಲ್ಲ ಎಂದು ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಎಲ್ಲ ಕೇಳಿದ ಮೇಲೆ, ‘ಆಮೇಲೆ ಯಾರೂ ಒತ್ತುವರಿ ಮಾಡಲ್ಲ ತಾನೇ?’ ಎಂದರು.

ಹೆಸರು ಕೊಳ್ಳುವಾಗಲೇ ಮೊದಲ ತಪ್ಪು ಆಗಿಹೋಯಿತು. ಇಂಗ್ಲಿಷಿನಲ್ಲಿ ನಿನ್ನ ಹೆಸರು, ಅದರ ಬಾಲಕ್ಕೆ ರೊಟ್ಟಿ ಎಂದು ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ‘ಈ ಹೆಸರು ಖಾಲಿ ಇದೆ, ಈಗಲೇ ಪಡೆಯಿರಿ’ ಎಂದು ಮಿನುಗಿತು. ಬೆಂಗಳೂರಿನಲ್ಲಿ ಖಾಲಿ ಇದೆ ಎಂದರೆ ಯಾರಾದರೂ ಯೋಚಿಸುತ್ತಾ ಕೂರುತ್ತಾರೆಯೇ? ತಕ್ಷಣ ಒತ್ತಿದೆ. ರಸೀದಿ ಬಂದ ಮೇಲೆ ನೋಡಿದರೆ ರೊಟ್ಟಿಯ ಕೊನೆಯ ಎರಡು ಅಕ್ಷರ ಬಂದೇ ಇರಲಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ರಮ್ಯ ಎಂಬ ಹುಡುಗಿ ಎತ್ತಿಕೊಂಡಳು. ಮುಂದಿನ ಎರಡು ವಾರ ನಾನು ನಿನಗಿಂತ ಹೆಚ್ಚು ಮಾತಾಡಿದ್ದು ಅವಳ ಜೊತೆಗೇ, ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

‘ಸಾರ್, ರಿಜಿಸ್ಟ್ರಾದ್ಮೇಲೆ ಸ್ಪೆಲ್ಲಿಂಗ್ ಚೇಂಜ್ ಮಾಡಕ್ಕಾಗಲ್ಲ. ಹೊಸದೇ ತಗೋಬೇಕು’ ಎಂದಳು.

‘ಇರಲಿ ಬಿಡಮ್ಮ, ಜನ ರೊಟ್ಟಿ ಅಂತಾನೇ ಓದ್ಕೋತಾರೆ’ ಎಂದೆ.

ಅವಳು ದನಿ ತಗ್ಗಿಸಿದಳು. ‘ಸಾರ್, ಈಗಿರೋದನ್ನ ಓದಿದ್ರೆ ರಾಟ್ ಅಂತಾಗುತ್ತೆ. ಇಂಗ್ಲಿಷಲ್ಲಿ ರಾಟ್ ಅಂದ್ರೆ... ಹಾಳಾಗೋದು ಸಾರ್. ಕೊಳೆಯೋದು.’

ಒಂದೇ ವಸ್ತುವನ್ನು ಎರಡು ಸಲ ಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲವಲ್ಲ, ಹಾಗೇ ಬಿಟ್ಟೆ.

ಆಮೇಲೆ ಕಂಟ್ರೋಲ್ ಪ್ಯಾನೆಲ್ ಎನ್ನುವುದಕ್ಕೆ ಬಾಗಿಲು ತೆರೆಯಿತು. ಸೈಟನ್ನು ಕಟ್ಟುವುದು, ಕೆಡವುವುದು, ಬೀಗ ಹಾಕುವುದು ಎಲ್ಲವೂ ಅದೇ ಒಂದು ಪುಟದಲ್ಲಿ. ಔಷಧಿ ಅಂಗಡಿಯ ಕಪಾಟಿನಂತೆ ಅರವತ್ತೋ ಎಪ್ಪತ್ತೋ ಪುಟ್ಟ ಚಿತ್ರಗಳು. ಮೊದಲಿಗೆ ಪಾಸ್‌ವರ್ಡ್ ಕೇಳಿತು. ‘ಶಿವಬಸಮ್ಮ’ ಎಂದು ಕೊಟ್ಟೆ. ‘ದುರ್ಬಲ’ ಎಂದು ಕೆಂಪಕ್ಷರದಲ್ಲಿ ಬಂತು. ಮೂವತ್ತೇಳು ವರ್ಷ ಸಂಸಾರ ಮಾಡಿದ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ, ನಮ್ಮ ಮದುವೆಯ ಇಸವಿ ಸೇರಿಸಿದ ಮೇಲೆ ‘ಬಹಳ ಬಲಿಷ್ಠ’ ಎಂದು ಹಸಿರಾಯಿತು. ನಂತರ ರಮ್ಯ ಹೇಳಿದ ಕಡೆ ಒಂದು ಗುಂಡಿ ಒತ್ತಿದೆ. ಎರಡು ನಿಮಿಷದಲ್ಲಿ ಸೈಟು ತಾನಾಗಿಯೇ ಎದ್ದು ನಿಂತಿತು. ಅದಕ್ಕೆ ಒಂದು ಅಲಂಕಾರ ಆರಿಸಿಕೊಳ್ಳಬೇಕಿತ್ತು. ಹೋಟೆಲಿನವರಿಗೆಂದೇ ಇದ್ದ ಒಂದನ್ನು ಆರಿಸಿದೆ. ಅದರಲ್ಲಿ ನಮೂನೆಗಾಗಿ ಯಾವುದೋ ಪರದೇಶದ ಹೋಟೆಲಿನ ವಿಷಯ ತುಂಬಿಸಿಟ್ಟಿದ್ದರು. ಮುಖ್ಯ ಬಾಣಸಿಗ ಆಂಟೋನಿಯೋ, ಇಟಲಿಯಲ್ಲಿ ತರಬೇತಿ, ಗಡ್ಡ, ಬಿಳೀ ಟೋಪಿ. ಆರ್ಡರ್ ಕೊಡುವವರಿಗೆ ಒಂದು ಫಾರಂ ಕೂಡ ಇತ್ತು. ನಾನು ಮೊದಲು ಅವನ ಫೋಟೋ ತೆಗೆದು ನಿನ್ನ ಫೋಟೋ ಹಾಕಿದೆ. ಶಿಲ್ಪಶ್ರೀಯ ಸೀಮಂತದಲ್ಲಿ ಇಳಕಲ್ ಸೀರೆ ಉಟ್ಟು ತೆಗೆಸಿಕೊಂಡದ್ದು. ಅಡಿಯಲ್ಲಿ ನಮ್ಮ ವಿಳಾಸ ಹಾಕಿದೆ. ಮಾರನೆಯ ದಿನ ಆಂಟೋನಿಯೋನ ಕಥೆಯನ್ನೆಲ್ಲ ಅಳಿಸಿ, ಗದಗಿನ ನಿನ್ನ ತವರು, ನಿನ್ನ ಅವ್ವ ಕಲಿಸಿದ ಹದ, ಎಲ್ಲ ಸೇರಿಸಿ ನಾಲ್ಕು ಪ್ಯಾರಾ ಬರೆದೆ. ‘ಸದ್ಯಕ್ಕೆ ರೊಟ್ಟಿ ಇಲ್ಲ, ಯಜಮಾನಿ ಬಾಣಂತನಕ್ಕೆ ಹೋಗಿದ್ದಾರೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಚೆನ್ನಾಗಿ ಬರೆದಿದ್ದೆ ಕಣೇ. ಈಗ ಅದನ್ನು ತೋರಿಸಲು ನನ್ನ ಬಳಿ ಇಲ್ಲ.

ಏಕೆಂದರೆ ಮೂರನೆಯ ದಿನ ಪ್ಯಾನೆಲ್ಲಿನಲ್ಲಿ ಕಸ ಗುಡಿಸಲು ಹೊರಟೆ. ಅಲ್ಲೊಂದು ಫೋಲ್ಡರಿನ ಹೆಸರು ‘ಪಬ್ಲಿಕ್’ ಎಂದು ಶುರುವಾಗುತ್ತಿತ್ತು. ನಮ್ಮ ಮನೆಯ ವಿಷಯ ಪಬ್ಲಿಕ್ಕಿನಲ್ಲಿ ಏಕಿರಬೇಕು ಎಂದು ಅಳಿಸಿದೆ. ‘ಖಂಡಿತವೇ?’ ಎಂದು ಕೇಳಿತು. ಖಂಡಿತ ಎಂದೆ. ಸೈಟು ಹೋಯಿತು. ಬೆಳ್ಳಗಿನ ಪರದೆ, ಮಧ್ಯದಲ್ಲಿ ಏನೂ ಸಿಗುತ್ತಿಲ್ಲ ಎಂಬ ಒಂದು ಸಾಲು.

‘ಸಾರ್, ಇಡೀ ಸೈಟ್ ಇರೋದೇ ಆ ಫೋಲ್ಡರಲ್ಲಿ’ ಎಂದಳು ರಮ್ಯ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪೆಟ್ಟಾದ ಮಗುವಿನೊಂದಿಗೆ ಮಾತಾಡಿದ ಹಾಗಿತ್ತು. ‘ಟೆನ್ಷನ್ ಮಾಡ್ಕೋಬೇಡಿ. ನಮ್ಮತ್ರ ಬ್ಯಾಕಪ್ ಇದೆ, ವಾಪಸ್ ಹಾಕ್ತೀನಿ.’

ಹಾಕಿದಳು. ಆದರೆ ಅವಳ ಹತ್ತಿರವಿದ್ದದ್ದು ನಾನು ನಿನ್ನ ಫೋಟೋ ಹಾಕಿದ ದಿನದ ನಕಲು, ಕಥೆ ಬರೆದ ದಿನದ್ದಲ್ಲ. ‘ಎಲ್ಲಾ ಒಂದ್ಸಲ ಚೆಕ್ ಮಾಡ್ಕೊಳ್ಳಿ ಸಾರ್’ ಎಂದು ಅವಳು ಎರಡು ಸಲ ಹೇಳಿದಳು. ನಾನು ತೆರೆದು ನೋಡಿದೆ. ಮೇಲ್ಗಡೆ ನಿನ್ನ ಮುಖ ಕಾಣಿಸಿತು. ಅಷ್ಟು ಸಾಕಾಯಿತು ನನಗೆ. ಕೆಳಗೆ ಓದಲಿಲ್ಲ.

ಹನ್ನೆರಡು ದಿನ ಆರಾಮವಾಗಿದ್ದೆ. ಹೋದ ಶುಕ್ರವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಬೀದಿಯಲ್ಲಿ ಕಾರು ನಿಂತಿತು. ಒಬ್ಬರು ಇಳಿದು ಎದುರುಮನೆಯಲ್ಲಿ ಕೇಳುವುದು ಕೇಳಿಸಿತು. ‘ಅಮ್ಮಾ, ಆಂಟೋನಿಯೋ ಅವರ ಮನೆ ಯಾವುದು?’

‘ಅಂತೋಣಿನಾ? ಈ ಬೀದೀಲಿ ಅಂತೋಣಿ ಯಾರೂ ಇಲ್ವಲ್ಲಪ್ಪಾ’ ಎಂದರು ಮುನಿಲಕ್ಷ್ಮಮ್ಮ.

ಅವರು ಮೊಬೈಲು ತೋರಿಸಿದರು. ಮುನಿಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ನೋಡಿ, ‘ಅಯ್ಯೋ, ಇದು ನಮ್ ಶಿವಬಸಮ್ಮ! ಯಾವಾಗ ಹೆಸರು ಬದಲಾಯಿಸ್ಕೊಂಡ್ರು?’ ಎಂದು ನನ್ನ ಕಡೆ ಬೆರಳು ಮಾಡಿದರು.

ಬಂದವರ ಹೆಸರು ವೆಂಕಟಾಚಲ, ಜೆ.ಪಿ. ನಗರದವರು. ಬಿಳೇಕಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ, ಭಾನುವಾರ ಗೃಹಪ್ರವೇಶ. ಸೊಸೆಯ ತವರು ಬಾಗಲಕೋಟೆ. ಅಲ್ಲಿಂದ ಎಂಬತ್ತು ಜನ ಬರುವವರಿದ್ದರು. ಅವರಿಗೆಂದು ನಮ್ಮ ಸೈಟಿನ ಫಾರಂ ತುಂಬಿ ಮುನ್ನೂರು ರೊಟ್ಟಿ ಹೇಳಿದ್ದರಂತೆ. ‘ತಕ್ಷಣ ಉತ್ತರ ಬಂತು ಸಾರ್. ನಿಮ್ಮ ಆರ್ಡರ್ ಖಾತ್ರಿಯಾಗಿದೆ, ಪ್ರೀತಿಯಿಂದ, ಆಂಟೋನಿಯೋ, ಅಂತ. ಅದಕ್ಕೇ ಸುಮ್ನಿದ್ವಿ’ ಎಂದರು. ಆಮೇಲೆ ನಗು ತಡೆಯಲಾರದೆ ಇನ್ನೊಂದನ್ನೂ ಹೇಳಿದರು: ಕೊಳೆತದ್ದು ಎಂದು ಹೆಸರಿಟ್ಟುಕೊಂಡು ತಿಂಡಿ ಮಾರುವ ಧೈರ್ಯಸ್ಥರು ಯಾರಪ್ಪಾ ಎಂದು ಅವರ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲೆಲ್ಲ ನಿನ್ನ ಸೈಟು ಓಡಾಡಿದೆಯಂತೆ. ನಿನ್ನ ಫೋಟೋ, ಅದರ ಕೆಳಗೆ ‘ಬಾಣಸಿಗ ಆಂಟೋನಿಯೋ, ಇಟಲಿ’. ತಮಾಷೆಗೆ ನೋಡಲು ಬಂದವರಲ್ಲಿ ಹನ್ನೊಂದು ಮನೆಯವರು ನಿಜವಾಗಿಯೂ ರೊಟ್ಟಿ ಕೇಳಿದ್ದಾರೆ. ಅವೆಲ್ಲ ನಾನೇ ಪ್ಯಾನೆಲ್ಲಿನಲ್ಲಿ ತೆರೆದು, ಒಮ್ಮೆಯೂ ಇಣುಕಿ ನೋಡದ ಇಮೇಲ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು.

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ‘ಬೀಗರಿಗೆ ಹೇಳ್ಬಿಟ್ಟಿದೀನಿ ಸಾರ್, ಶಿವಬಸಮ್ಮನೋರ ರೊಟ್ಟಿ ತರಿಸ್ತಿದೀನಿ ಅಂತ’ ಎಂದರು. ಸೈಟಿನ ವಿಳಾಸದಲ್ಲಿದ್ದ ನಿನ್ನ ಹೆಸರು ಹಿಡಿದು ಹೇಳಿದರು. ನನ್ನ ಬಾಯಿಂದ ‘ಆಯ್ತು’ ಎಂದು ಬಂತು.

ಹನ್ನೊಂದು ಗಂಟೆಗೆ ನಾನೂ ಮುನಿಲಕ್ಷ್ಮಮ್ಮನವರೂ ನಿನ್ನ ಅಡುಗೆಮನೆಯಲ್ಲಿ ಹಿಟ್ಟು ಕಲಸಿದೆವು. ಎಪ್ಪತ್ತು ವರ್ಷ ರಾಗಿ ಮುದ್ದೆ ಕಟ್ಟಿದ ಕೈ ಅವರದು. ಜೋಳದ ಹಿಟ್ಟನ್ನೂ ಮುದ್ದೆ ಮಾಡಿಟ್ಟರು. ನಾನು ಬಡಿದೆ. ಮೊದಲನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ಶ್ರೀಲಂಕಾದ ನಕಾಶೆಯಂತಿತ್ತು. ಮೂರನೆಯದನ್ನು ಮುನಿಲಕ್ಷ್ಮಮ್ಮ ಎತ್ತಿ ಬೆಳಕಿಗೆ ಹಿಡಿದು, ‘ಸ್ವಾಮಿ, ಇದನ್ನ ಗೃಹಪ್ರವೇಶದ ಮನೆಗೆ ಕೊಟ್ರೆ ಹೊಸಲಿಗೆ ಹಾಕಬೇಕಾಗುತ್ತೆ’ ಎಂದರು. ಆಮೇಲೆ ಕೈ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದರು: ‘ಹುಲಿಗೆವ್ವನ್ನ ಕರೀಬಾರದಾ? ಬಿಟಿಎಮ್ಮಲ್ಲಿ ಮೆಸ್ಸಲ್ಲಿ ಇದಾಳೆ. ಹೋದ ಮಂಗಳವಾರ ಬನಶಂಕರಿ ಗುಡೀಲಿ ಸಿಕ್ಕಿದ್ಲು. ನಿಮ್ಮನೆಯವರು ಹೆಂಗವ್ರೆ ಅಂತ ಕೇಳಿದ್ಲು.’

ಆ ಹೆಸರನ್ನು ಈ ಮನೆಯಲ್ಲಿ ಎತ್ತಬಾರದು ಎಂದು ನೀನು ಹೇಳಿ ಮೂರು ವರ್ಷವಾಯಿತು. ಐದು ವರ್ಷ ನಿನ್ನ ಎದುರು ಕುಳಿತು ರೊಟ್ಟಿ ಬಡಿದವಳು. ನಿನ್ನ ಕೈ ಬಡಿತಕ್ಕೆ ಅವಳ ಕೈ ಬಡಿತ ಸರಿಯಾಗಿ ಕೂಡುತ್ತಿತ್ತು; ಕೋಣೆಯಲ್ಲಿದ್ದ ನನಗೆ ಒಬ್ಬಳೇ ಬಡಿಯುತ್ತಿದ್ದ ಹಾಗೆ ಕೇಳಿಸುತ್ತಿತ್ತು. ‘ಹೇಳದೆ ಕೇಳದೆ ಹೋದಳು’ ಎಂದು ನೀನು ಎಷ್ಟು ಸಲ ಹೇಳಿದ್ದೀಯೋ. ಅವಳು ಹೋದ ವಾರ ನೀನು ಎರಡು ದಿನ ಊಟ ಬಿಟ್ಟಿದ್ದೆ. ಅವಳು ಬಿಟಿಎಂನಲ್ಲಿ ಯಾರದೋ ಮೆಸ್ಸಿಗೆ ಸೇರಿದ್ದಾಳೆಂದು ತಿಳಿದ ದಿನ, ಅವಳು ಕೂರುತ್ತಿದ್ದ ಮಣೆಯನ್ನು ಅಟ್ಟಕ್ಕೆ ಹಾಕಿಸಿದೆ. ಹಾಕಿದವನು ನಾನೇ.

ಮಧ್ಯಾಹ್ನದ ಬಸ್ಸು ಹಿಡಿದು ಹೋದೆ. ಮೆಸ್ಸಿನ ಹಿಂಬದಿಯಲ್ಲಿ ಅವಳು ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ‘ಅಕ್ಕಾರು ಆರಾಮ ಅದಾರಿಲ್ರಿ?’ ಎಂದು ಮೊದಲು ಕೇಳಿದ್ದು ಅದನ್ನೇ. ನಾನು ಸೈಟು, ಆಂಟೋನಿಯೋ, ಮುನ್ನೂರು ರೊಟ್ಟಿ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಸಿಟ್ಟಿರಬೇಕು ಎಂದುಕೊಂಡು, ದೊಡ್ಡ ಮನಸ್ಸಿನವನ ಹಾಗೆ ಒಂದು ಮಾತು ಸೇರಿಸಿದೆ: ‘ನೀ ಹೇಳದ ಕೇಳದ ಹೋದಿ ಅಂತ ಆಕಿಗೆ ಇನ್ನೂ ನೋವೈತಿ. ಆದ್ರೂ ಅದನ್ನೆಲ್ಲಾ ಮರತುಬಿಡೂಣು.’

ಅವಳು ನನ್ನನ್ನೇ ನೋಡಿದಳು. ‘ಹೇಳದ ಹ್ವಾದ್ನೆ? ನಿಮ್ಮ ಕೈಯಾಗ ಹೇಳಿ ಹೋಗಿದ್ನೆಲ್ರೀ ಯಜಮಾನ್ರ!’

ಶಿವಬಸಮ್ಮ, ಈ ಕಾಗದ ಬರೆಯುತ್ತಿರುವುದು ಮುಖ್ಯವಾಗಿ ಇಲ್ಲಿಂದ ಮುಂದಿನ ಆರು ಸಾಲಿಗಾಗಿ.

ಆ ದಿನ ನೀನು ಗಿರಣಿಗೆ ಹೋಗಿದ್ದೆ. ಹುಲಿಗೆವ್ವ ಅವಸರದಲ್ಲಿ ಬಂದಳು. ಕೊಪ್ಪಳದಲ್ಲಿ ಅವಳ ಅಕ್ಕನಿಗೆ ಲಕ್ವ ಹೊಡೆದಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಳು. ‘ತಿಂಗಳ ಬಿಟ್ಟು ಬರ್ತೀನಿ, ನನ್ನ ಜಾಗಾಕ್ಕ ಯಾರ್ನೂ ಇಟ್ಕೋಬ್ಯಾಡಂತ ಹೇಳ್ರಿ’ ಎಂದಳು. ನಾನು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ‘ಹೇಳ್ತೀನಿ’ ಎಂದೆ. ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನಿನ್ನಾಣೆ. ಆ ಓವರು ಮುಗಿಯುವಷ್ಟರಲ್ಲಿ ಮರೆತುಹೋಯಿತು. ತಿಂಗಳ ಮೇಲೆ ಅವಳು ಬಂದಾಗ ಗೇಟಿನಿಂದಲೇ ಪಡಸಾಲೆಯಲ್ಲಿ ಬೇರೊಬ್ಬ ಹೆಂಗಸು ಕುಳಿತು ಬಡಿಯುತ್ತಿದ್ದುದನ್ನು ಕಂಡು, ಒಳಗೆ ಬರದೆ ತಿರುಗಿ ಹೋದಳಂತೆ. ನೀನು ಮೂರು ವರ್ಷ ‘ಹೇಳದೆ ಕೇಳದೆ’ ಎಂದೆ, ಅವಳು ಮೂರು ವರ್ಷ ‘ಹೇಳಿದರೂ ಬೇರೆಯವಳನ್ನು ಇಟ್ಟುಕೊಂಡರು’ ಎಂದಳು, ನಡುವೆ ನಾನು ನಿನ್ನ ಮಾತಿಗೆ ತಲೆ ಆಡಿಸಿಕೊಂಡು ಚೆನ್ನಾಗಿ ಉಂಡುಕೊಂಡಿದ್ದೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ದುಡಿದವನು ನಾನು. ಬಂದ ಕಾಗದ ಸೇರಬೇಕಾದವರಿಗೆ ಸೇರಿಸುವುದೊಂದೇ ನನ್ನ ಕೆಲಸವಾಗಿತ್ತು.

ಆ ಕಟ್ಟೆಯ ಮೇಲೇ ಕುಳಿತು ಕಣ್ಣೊರೆಸಿಕೊಂಡೆ. ಅವಳೇ ನೀರು ತಂದು ಕೊಟ್ಟಳು. ‘ಅಳಬ್ಯಾಡ್ರಿ, ಮಂದಿ ನೋಡ್ತಾರ’ ಎಂದಳು. ರೊಟ್ಟಿ ಮಾಡಿಕೊಡುತ್ತೇನೆ, ಆದರೆ ಒಂದು ಮಾತು ಎಂದಳು. ಕೂಲಿಯ ಮಾತಿರಬಹುದು ಎಂದು ನಾನು ತಲೆಯಾಡಿಸಿದೆ. ಅದಲ್ಲ. ‘ಅಕ್ಕಾರಿಗೆ ನೀವಽ ತಿಳಸಬೇಕು. ಬಾಯಿಲೆ ಬ್ಯಾಡ್ರಿ, ನಿಮ್ಮ ಬಾಯಿ ಮ್ಯಾಲ ನನಗ ನಂಬಿಕಿ ಇಲ್ಲ. ಬರದು ಕಳಸ್ರಿ. ಬರದದ್ದು ನನಗ ಓದಿ ಹೇಳಿ ಆಮ್ಯಾಲ ಕಳಸ್ರಿ.’

ಶನಿವಾರ ಬೆಳಿಗ್ಗೆ ಆರಕ್ಕೇ ಇನ್ನೂ ಮೂವರು ಹೆಂಗಸರನ್ನು ಕರೆದುಕೊಂಡು ಬಂದಳು. ನಾನು ಅಟ್ಟ ಹತ್ತಿ ಅವಳ ಮಣೆ ಇಳಿಸಿಕೊಟ್ಟೆ. ಮಸಿಯರಿವೆ ಎಲ್ಲಿದೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಸಾಯಂಕಾಲ ನಾಲ್ಕಕ್ಕೆ ಮುನ್ನೂರ ಹನ್ನೆರಡು ಖಡಕ್ ರೊಟ್ಟಿ ಪಡಸಾಲೆಯಲ್ಲಿ ಬಿಳೀ ಪಂಚೆಯ ಮೇಲೆ ಸಾಲಾಗಿ ಕುಳಿತಿದ್ದವು. ಮುನಿಲಕ್ಷ್ಮಮ್ಮ ಕಾಗೆ ಓಡಿಸುವ ಕೆಲಸ ವಹಿಸಿಕೊಂಡು, ಹನ್ನೆರಡರ ಲೆಕ್ಕವನ್ನು ತಾವೇ ಸರಿಪಡಿಸಿದರು. ಭಾನುವಾರ ವೆಂಕಟಾಚಲ ಫೋನ್ ಮಾಡಿ, ಬಾಗಲಕೋಟೆಯ ಹಿರಿಯರೊಬ್ಬರು ‘ಇದು ನಮ್ಮ ಕಡೀ ಕೈಯೇ’ ಎಂದು ಇನ್ನೆರಡು ಕೇಳಿ ಹಾಕಿಸಿಕೊಂಡರೆಂದು ತಿಳಿಸಿದರು. ಊಟಕ್ಕೆ ಕುಳಿತವರಲ್ಲಿ ಅರ್ಧ ಜನ ಆಂಟೋನಿಯೋ ಬಂದಿದ್ದಾನೆಯೇ ಎಂದು ವಿಚಾರಿಸಿದರಂತೆ.

ಸೋಮವಾರ ರಮ್ಯಳ ಜೊತೆ ಕುಳಿತು, ಎಂದರೆ ಫೋನಿನಲ್ಲಿ, ಎಲ್ಲ ಸರಿ ಮಾಡಿದೆ. ರೊಟ್ಟಿಯನ್ನು ಪೂರ್ತಿ ಅಕ್ಷರಗಳಲ್ಲಿ ಹೊಸದಾಗಿ ಕೊಂಡೆ. ಆಂಟೋನಿಯೋ ಹೋದ. ಅವನ ಜಾಗದಲ್ಲಿ ಏನೂ ಬರೆದಿಲ್ಲ. ‘ಅಬೌಟ್ ಪೇಜ್ ಖಾಲಿ ಬಿಟ್ರೆ ಚೆನ್ನಾಗಿರಲ್ಲ ಸಾರ್’ ಎಂದು ರಮ್ಯ ಹೇಳಿದಳು. ಅದನ್ನು ಬರೆಯಬೇಕಾದವರು ನಾನಲ್ಲ, ಇಬ್ಬರಿದ್ದಾರೆ, ಒಬ್ಬರು ಊರಲ್ಲಿಲ್ಲ ಎಂದೆ. ಸೈಟೇ ಬೇಡ ಎಂದು ನೀನು ಹೇಳಿದರೆ ಅದಕ್ಕೂ ಸಿದ್ಧ. ಅಳಿಸುವುದರಲ್ಲಿ ನನಗೆ ಸಾಕಷ್ಟು ಅನುಭವವಾಗಿದೆ.

ನಿನ್ನಲ್ಲಿ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಿಲ್ಲ. ನಮ್ಮಲ್ಲಿ ಆ ರೂಢಿಯೇ ಇಲ್ಲ. ನಾನು ತಪ್ಪು ಮಾಡಿದರೆ ಒಂದು ವಾರ ಕೊತ್ತಂಬರಿ ಸೊಪ್ಪು ನಾನಾಗಿಯೇ ತಂದಿಡುತ್ತೇನೆ, ನೀನು ಅರ್ಥ ಮಾಡಿಕೊಳ್ಳುತ್ತೀ. ಇದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ನೀನು ಬಂದು ಬೈಯಿ. ಫೋನಿನಲ್ಲಿ ಬೈದರೆ ಕೂಸು ಏಳುತ್ತದೆ.

ಈಗ ಹುಲಿಗೆವ್ವ ಬಂದಿದ್ದಾಳೆ. ಇಷ್ಟನ್ನೂ ಓದಿ ಹೇಳಿದೆ. ಎರಡು ಕಡೆ ತಿದ್ದಲು ಹೇಳಿದಳು: ಎಲೆ ಹಾಕಿಕೊಳ್ಳುತ್ತಿದ್ದಳು ಎನ್ನುವುದನ್ನು ತೆಗೆಯಿರಿ ಎಂದಳು, ತೆಗೆದಿಲ್ಲ, ಹೆಂಗಸರು ಇಬ್ಬರಲ್ಲ ಮೂವರು ಎಂದಳು, ಅದು ಸರಿ, ತಿದ್ದಿದ್ದೇನೆ. ನಿನಗೆ ಅವಳ ಮಾತನ್ನು ಏನಾದರೂ ಸೇರಿಸಲೇ ಎಂದು ಕೇಳಿದೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ:

‘ಅಕ್ಕಾರ, ನಾ ಹೇಳಿ ಹೋಗಿದ್ದೆ. ಅಷ್ಟ.’

ನಿನಗೂ ಬಾಣಂತಿಗೂ ಹಾಲು ತುಪ್ಪಕ್ಕೆ ಕೊರತೆಯಾಗದಿರಲಿ. ಕೂಸು ನಿನ್ನ ಜ್ಞಾಪಕಶಕ್ತಿಯನ್ನು ಪಡೆಯಲಿ, ನನ್ನದನ್ನಲ್ಲ. ನೂರು ವರ್ಷ ಬಾಳಲಿ.

ಬೈಸಿಕೊಳ್ಳಲು ಕಾದಿರುವ, ನಿನ್ನ
ಸೋಮಲಿಂಗಪ್ಪ